ಹಂಸಾಳ ಕೈಗುಣ

ನನ್ನ ಹೆಂಡತಿ ಹಂಸಾ ಅಮೆರಿಕದ ಸ್ಯಾನ್ ಹೊಸೆಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಹದಿನಾಲ್ಕು ವರ್ಷದಿಂದ ಅದೇ ಕೆಲಸ. ಬೇರೆಯವರು ಮೂರು ಸಲ ಚುಚ್ಚಿ ಕೈಚೆಲ್ಲಿದ ಅಜ್ಜಿಯರ ನರವೂ ಇವಳಿಗೆ ಒಂದೇ ಸಲಕ್ಕೆ ಸಿಗುತ್ತದೆ. "ಚುಚ್ಚಿದ್ದೇ ಗೊತ್ತಾಗಲಿಲ್ಲ" ಎಂದು ಯಾರಾದರೂ ಹೇಳಿದ ದಿನ ಅವಳ ಸಾರಿಗೆ ರುಚಿ ಹೆಚ್ಚು. ಹೇಳದ ದಿನ ನಾವು ತೆಪ್ಪಗೆ ಉಣ್ಣುತ್ತೇವೆ.

ಇಂಥವಳ ಮಾನವನ್ನು ಪೆನ್ಸಿಲಿನಷ್ಟು ದಪ್ಪದ ಹಾವಿನ ಮರಿಯೊಂದು ಕಳೆಯಿತು.

ಹತ್ತು ವರ್ಷದ ಮಗಳು ತನ್ವಿ ಹಟ ಹಿಡಿದು ತರಿಸಿಕೊಂಡ ಕಾರ್ನ್ ಸ್ನೇಕ್ ಅದು. ಕಿತ್ತಳೆ ಬಣ್ಣ, ವಿಷವಿಲ್ಲ, ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ. ಮೊದಲ ವಾರವೇ ತನ್ವಿಯನ್ನು ಕಚ್ಚಿತು. ಹುಡುಗಿ ಹೆದರಿ ದೂರ ನಿಂತಳು. ತಾನು ಪಳಗಿಸುತ್ತೇನೆಂದು ಹಂಸಾ ಕೈಹಾಕಿದಳು. ಅವಳನ್ನು ಐದು ಸಲ ಕಚ್ಚಿತು. ನನಗೆ ರೇಗಿತು.

"ಇನ್ನೊಂದೇ ಒಂದ್ಸಲ ಯಾರಿಗಾದ್ರೂ ಕಚ್ಲಿ, ಭಾನುವಾರ ಲಾಸ್ ಗ್ಯಾಟೋಸಿಗೆ ಹೋಗಿ, ಹಾವು ಕೊಟ್ಟವ್ರಿಗೇ ವಾಪಸ್ ಕೊಟ್ಬಿಡೋದು" ಎಂದೆ. ತನ್ವಿ ಅಳುತ್ತಾ ತನ್ನ ಕೋಣೆ ಸೇರಿದಳು.

ಹಂಸಾ ವಾದ ಮಾಡಲಿಲ್ಲ. "ನನ್ ಕೈಯಲ್ಲೇ ಏನೋ ತಪ್ಪಿದೆ ರೀ" ಎಂದಳು. ತನ್ನನ್ನು ಹಾವು ಕಚ್ಚಿದಾಗ ತನ್ವಿ ತೆಗೆದಿದ್ದ ವೀಡಿಯೋವನ್ನು ನಾಲ್ಕು ಸಲ ನೋಡಿ, ನಾಲ್ಕನೆಯ ಸಲಕ್ಕೆ ಹಣೆ ಚಚ್ಚಿಕೊಂಡಳು. ಮೈಸೂರಿನಲ್ಲಿ ಬೆಳೆದವಳು. ನಾಗರಪಂಚಮಿಯ ದಿನ ನಾಗರಕಲ್ಲಿಗೆ ಮಾಡುತ್ತಿದ್ದುದನ್ನೇ ಇಲ್ಲೂ ಮಾಡುತ್ತಿದ್ದಳು: ಮರಿಯನ್ನು ಎತ್ತುವ ಮೊದಲು ಮೇಲಿನಿಂದ ಕೈ ಇಳಿಸಿ, ತಲೆ ಮುಟ್ಟಿ, ಕಣ್ಣಿಗೊತ್ತಿಕೊಳ್ಳುವುದು. ಕಲ್ಲಿನ ನಾಗಪ್ಪ ಸುಮ್ಮನಿರುತ್ತಾನೆ. ಜೀವವಿರುವ ಮರಿಗೆ ಮೇಲಿನಿಂದ ಬರುವುದೆಲ್ಲ ಹದ್ದು.

"ಮಕ್ಳಿಗೆ ಸೂಜಿ ಹಾಕೋವಾಗ ಹೀಗೆ ಮೇಲಿಂದ ಎರಗ್ತೀನಾ ನಾನು? ಪಕ್ಕದಲ್ಲಿ ಕೂತು ಮೊದ್ಲು ಕೈ ಹಿಡ್ಕೋತೀನಿ" ಎಂದು ತನ್ನನ್ನೇ ಬೈದುಕೊಂಡಳು.

ಅಂದಿನಿಂದ ಕೈ ಪಕ್ಕದಿಂದಲೇ ಹೋಯಿತು. ಗಾಜಿನ ಪೆಟ್ಟಿಗೆಯೊಳಗೆ ಸ್ವಲ್ಪ ಹೊತ್ತು ಸುಮ್ಮನೆ ಇಟ್ಟಿರುತ್ತಿದ್ದಳು. ಆಮೇಲೆ ಹೊಟ್ಟೆಯ ಕೆಳಗೆ ಬೆರಳು ತೂರಿಸಿ, ಮೆಲ್ಲಗೆ ಎತ್ತಿ, ಎರಡೇ ನಿಮಿಷಕ್ಕೆ ಇಳಿಸುತ್ತಿದ್ದಳು. ಭಾನುವಾರ ಬೆಳಿಗ್ಗೆ ಹಾವು ಅವಳ ಮುಂಗೈಗೆ ಬಳೆಯಂತೆ ಸುತ್ತಿಕೊಂಡಿತ್ತು. ಅಲ್ಲಿಂದ ನಿಧಾನಕ್ಕೆ ತನ್ವಿಯ ಅಂಗೈಗೆ ಹರಿಯಿತು. ಕಚ್ಚಲಿಲ್ಲ.

"ಅಮ್ಮಾ, ಶೀ ಲೈಕ್ಸ್ ಮಿ!" ಎಂದು ಮಗಳು ಉಸಿರು ಬಿಗಿಹಿಡಿದು ಪಿಸುಗುಟ್ಟಿದಳು.

ನನ್ನ ಎದೆ ಉಬ್ಬಿತು. ಇವಳು ನನ್ನ ಹೆಂಡತಿ ಎಂದು ಬೀದಿಗೆಲ್ಲ ಕೂಗಿ ಹೇಳಬೇಕೆನಿಸಿತು. ಆ ಹುಮ್ಮಸ್ಸಿನಲ್ಲಿ, ನಾನೂ ಮೈಸೂರಿನವನೇ ತಾನೇ, ಮೇಲಿನಿಂದ ಕೈ ಚಾಚಿ ಹಾವಿನ ತಲೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಹೋದೆ. ಟಕ್ಕನೆ ಕಚ್ಚಿತು.

ತನ್ವಿಯ ಕಣ್ಣು ತುಂಬಿತು. "ಅಪ್ಪಾ... ವಾಪಸ್ಸಾ?"

ಹಂಸಾ ನನ್ನ ಮುಖವನ್ನೇ ನೋಡಿದಳು. ನಾನು ಬೆರಳನ್ನು ಜೇಬಿಗೆ ತುರುಕಿದೆ.

"ಯಾಕ್ ಪುಟ್ಟಿ?" ಎಂದೆ. "ಚುಚ್ಚಿದ್ದೇ ಗೊತ್ತಾಗ್ಲಿಲ್ಲ."