ಭಾವನ ಬ್ಯಾಟ್ರಿ, ನನ್ನ ಗುಮಾನಿ

ವೋಲ್ಟೇಜು ಬಿದ್ದಿರಬಹುದು. ಗೋಡೆಯೊಳಗಿನ ವಯರಿಗೆ ಇಲಿ ಬಾಯಿ ಹಾಕಿರಬಹುದು. ಸ್ವಿಚ್ಚಿನ ಪೆಟ್ಟಿಗೆಯಲ್ಲಿ ಹಲ್ಲಿ ಸತ್ತಿರಬಹುದು, ಅಥವಾ ಸಾಯದೆ ಸಂಸಾರವನ್ನೇ ಹೂಡಿರಬಹುದು. ಸಮುದ್ರದ ಉಪ್ಪುಗಾಳಿಗೆ ಒಳಗಿನ ತಾಮ್ರವೆಲ್ಲ ಹಸಿರು ಹಿಡಿದಿರಬಹುದು. ಭಟ್ಕಳದ ಅಂಗಡಿಯವರು ಹಳೆಯ ಮಾಲನ್ನು ಹೊಸ ಡಬ್ಬಿಯಲ್ಲಿಟ್ಟು ಕೊಟ್ಟಿರಬಹುದು. ಮಾವಿನಕುರ್ವೆಯಲ್ಲಿ ಯಾರಾದರೂ ಹಾಡುಹಗಲೇ ಅದನ್ನು ಉರಿಸಿ ತೆಂಗಿನಮರದ ತುದಿ ನೋಡಿರಬಹುದು. ನಾನು ಆಫೀಸಿನ ಹಾದಿ ಹಿಡಿದ ಕೂಡಲೇ ನನ್ನ ಧರ್ಮಪತ್ನಿ ಕರೆಂಟು ಬಿಲ್ಲಿನ ಭಯಕ್ಕೆ ಸ್ವಿಚ್ಚು ಆರಿಸಿರಬಹುದು. ಎಲ್ಲಕ್ಕಿಂತ ಮೇಲಾಗಿ, ನಮ್ಮ ಕರಾವಳಿಯ ಸಕಲ ರೋಗಗಳ ಮೂಲಪುರುಷನಾದ ಥಂಡಿ ಗೋಡೆಯಿಂದ ಪ್ಲಗ್ಗಿಗೂ ಪ್ಲಗ್ಗಿನಿಂದ ಯಂತ್ರದ ಎದೆಗೂ ಇಳಿದಿರಬಹುದು.

ಒಂದು ಟಾರ್ಚು ಚಾರ್ಜಾಗದೆ ಹೋದದ್ದಕ್ಕೆ ಇಷ್ಟೊಂದು ಕಾರಣಗಳೇ ಎಂದು ನೀವು ಹುಬ್ಬೇರಿಸುವುದು ಸಹಜ. ಆದರೆ ಅದು ಪೂರ್ತಿಯಾಗಿ ಕೆಟ್ಟಿದ್ದರೆ ನಾನು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಪೂರ್ತಿ ಕೆಟ್ಟ ವಸ್ತು ಪ್ರಾಮಾಣಿಕ. ತನ್ನ ಮರಣವನ್ನು ತಾನೇ ಘೋಷಿಸಿ ಅಟ್ಟ ಸೇರುತ್ತದೆ. ಒಂದು ದಿನ ಸರಿಯಾಗಿದ್ದು ಮರುದಿನ ಕೈಕೊಟ್ಟು, ಬೈಯಬೇಕೆಂದು ಬಾಯಿ ತೆರೆದಾಗ ಮತ್ತೆ ಸರಿಯಾಗಿಬಿಡುವ ವಸ್ತುವಿದೆಯಲ್ಲ, ಅದು ಮಾತ್ರ ಮನುಷ್ಯನ ಬುದ್ಧಿಯ ಸ್ಥಿಮಿತಕ್ಕೇ ಸವಾಲು. ನನ್ನಂಥ ಹುಟ್ಟಾ ಗುಮಾನಿಕೋರನಿಗಂತೂ ಅದು ನಿತ್ಯನೈವೇದ್ಯ. ಮನೆಗೆ ಪೋಸ್ಟ್‌ಮ್ಯಾನ್ ಬಂದರೆ ಯಾರು ಹೋದರೆಂದೂ, ಬಾರದಿದ್ದರೆ ಯಾರು ಹೋದದ್ದನ್ನು ಮುಚ್ಚಿಡುತ್ತಿದ್ದಾರೆಂದೂ ಯೋಚಿಸುವವನು ನಾನು.

ಇದು ಎಂಬತ್ತರ ದಶಕದ ಆರಂಭದ ಮಾತು. ದುಬೈಯಿಂದ ಬಂದವರ ಪೆಟ್ಟಿಗೆಗಳು ಬಿಚ್ಚಿಕೊಂಡು ಭಟ್ಕಳದ ಪೇಟೆಯಲ್ಲಿ ಸೆಂಟು, ಟೇಪ್‌ರೆಕಾರ್ಡರು, ಮಡಚುವ ಕೊಡೆ ಎಲ್ಲ ಕಣ್ಣು ಕುಕ್ಕುತ್ತಿದ್ದ ಕಾಲ. ನನ್ನ ತಂಗಿ ಮಾದೇವಿಯ ಗಂಡ ಜಟ್ಟಪ್ಪ ಅಲ್ಲಿಂದ ಒಂದು ಚಾರ್ಜಿನ ಬ್ಯಾಟ್ರಿ ತಂದ. ನಮ್ಮ ಕಡೆ ಟಾರ್ಚಿಗೆ ಬ್ಯಾಟ್ರಿ ಎಂದೇ ಹೆಸರು. ಇದಕ್ಕೆ ಸೆಲ್ಲು ಹಾಕುವ ರಗಳೆಯಿಲ್ಲ. ವಯರು ಸಿಕ್ಕಿಸಿ ಗೋಡೆಯ ಕರೆಂಟು ಕುಡಿಸಿದರೆ ಆಯಿತು. ಕುಡಿಯುತ್ತಿರುವಷ್ಟು ಹೊತ್ತೂ ಅದರ ಬೆನ್ನ ಮೇಲೆ ಕುಂಕುಮದ ಬೊಟ್ಟಿನಂಥ ಕೆಂಪು ದೀಪ ಉರಿಯುತ್ತದೆ.

ಜಟ್ಟಪ್ಪ ದೋಣಿಯವನು. ನಮ್ಮಪ್ಪನೂ ದೋಣಿಯವನೇ, ನಾನೊಬ್ಬ ಮಾತ್ರ ಅಲೆ ಕಂಡರೆ ಹೊಟ್ಟೆ ತೊಳಸಿ ಹೊನ್ನಾವರದ ಸೊಸೈಟಿಯೊಂದರಲ್ಲಿ ಗುಮಾಸ್ತನಾಗಿ ದಡ ಸೇರಿದವನು. ಶರಾವತಿ ಸಮುದ್ರ ಸೇರುವ ಅಳಿವೆಯಲ್ಲಿ ಪ್ರತಿ ಮಳೆಗಾಲವೂ ಮರಳಿನ ದಿಬ್ಬಗಳು ಜಾಗ ಬದಲಿಸುತ್ತವೆ. ದಾರಿಗುರುತಿಗೆ ನೆಟ್ಟ ಬಿದಿರುಗಳನ್ನು ಮುಸ್ಸಂಜೆಯ ಮಬ್ಬಿನಲ್ಲಿ ಹುಡುಕಿಕೊಂಡು ಒಳಗೆ ಬರಬೇಕಾದರೆ ದೋಣಿಯ ಮುಂಬದಿಯಲ್ಲಿ ಒಳ್ಳೆಯ ಬೆಳಕು ಬೇಕು. ಬಿದಿರು ತಪ್ಪಿದರೆ ದಿಬ್ಬ. ದಿಬ್ಬ ತಾಗಿದರೆ ದೋಣಿ ಮಗುಚಿತು. ಬ್ಯಾಟ್ರಿ ಬಂದದ್ದು ಈ ಕಾರಣಕ್ಕೆ, ಷೋಕಿಗಲ್ಲ.

ಆದರೆ ಹೊಳೆಯಾಚೆ ಮಾವಿನಕುರ್ವೆಯ ಅವರ ಮನೆಗೆ ಕರೆಂಟಿನ ಕಂಬ ಇನ್ನೂ ಬಂದಿರಲಿಲ್ಲ. ಹೀಗಾಗಿ ಮೀನು ಮಾರಲು ದಿನಾ ಬೆಳಿಗ್ಗೆ ಹೊನ್ನಾವರದ ಪೇಟೆಗೆ ಬರುವ ಮಾದೇವಿ ಬ್ಯಾಟ್ರಿಯನ್ನು ನಮ್ಮ ಮನೆಯಲ್ಲಿ ಚಾರ್ಜಿಗಿಟ್ಟು, ಬುಟ್ಟಿ ಖಾಲಿಯಾದ ಮೇಲೆ ಮಧ್ಯಾಹ್ನ ಬಂದು ಒಯ್ಯುವುದೆಂದು ಏರ್ಪಾಡಾಯಿತು. ಈ ಏರ್ಪಾಡಿನ ನಿಜವಾದ ಫಲಾನುಭವಿ ನಾನು. ಮದುವೆಯಾದ ಮೇಲೆ ಚೌತಿಗೊಮ್ಮೆ ಬಂದು ಪಂಚಕಜ್ಜಾಯ ತಿಂದು ಹೋಗುತ್ತಿದ್ದ ತಂಗಿ ಈಗ ದಿನಾ ನಮ್ಮ ಜಗಲಿಯಲ್ಲಿ ಕೂತು, ನನ್ನ ಹೆಂಡತಿ ಶಾರದೆಯ ಜೊತೆ ಚಾ ಕುಡಿಯುತ್ತ ಇಡೀ ಬಂದರದ ಸುದ್ದಿ ಹರವತೊಡಗಿದಳು. ಚಾರ್ಜಾಗುತ್ತಿದ್ದದ್ದು ಬ್ಯಾಟ್ರಿಯೊಂದೇ ಅಲ್ಲ.

ನೂಲಹುಣ್ಣಿಮೆ ಕಳೆದು ದೋಣಿಗಳು ಕಡಲಿಗಿಳಿದವು. ಮಳೆಯೂ ಬಿಸಿಲೂ ಸರದಿಯಲ್ಲಿ ಬರುತ್ತಿದ್ದ ದಿನಗಳು. ಒಂದು ಬೆಳಿಗ್ಗೆ ಮಾದೇವಿ ಬುಟ್ಟಿ ಇಳಿಸದೆಯೇ ಅಂಗಳದಲ್ಲಿ ನಿಂತಳು.

"ಅಣ್ಣಾ, ನಿಮ್ಮನೆ ಕರೆಂಟಿಗೆ ಎಂತ ಆಗ್ಯದೆ? ನಿನ್ನೆ ಅಳಿವೆ ಬಾಯಲ್ಲಿ ಬ್ಯಾಟ್ರಿ ಕಣ್ಣು ಮುಚ್ಚೇ ಬಿಡ್ತು. ಹಿಂದಿಂದ ಬೇರೆ ದೋಣಿ ಲಾಟೀನು ತರೂವರೆಗೂ ಇವರು ಹೊರಗೇ ತೆರೆ ಮೇಲೆ ಕುಣೀತಾ ನಿಂತ್ರು. ನಾ ದಂಡೆ ಮೇಲೆ ನಿಂತೆ. ನಿಂತಲ್ಲೇ ಅರ್ಧ ಸತ್ತೆ ಮಾರಾಯ."

ಆ ದಿನವೇ ನನ್ನ ತನಿಖೆ ಆರಂಭವಾಯಿತು. ಮೊದಲ ಗುಮಾನಿ, ಸಂಪ್ರದಾಯದಂತೆ, ಹೆಂಡತಿಯ ಮೇಲೆ. ನೇರವಾಗಿ ಕೇಳುವ ಧೈರ್ಯವಿಲ್ಲದ ಗಂಡಸರೆಲ್ಲ ಪತ್ತೇದಾರರಾಗುತ್ತಾರೆ. ನಾನು ಸ್ವಿಚ್ಚಿನ ಸಂದಿಗೆ ಒಂದು ಅನ್ನದ ಅಗುಳು ಅಂಟಿಸಿ ಆಫೀಸಿಗೆ ಹೋದೆ. ಸ್ವಿಚ್ಚು ಅಲುಗಿದರೆ ಅಗುಳು ಬಿದ್ದೇ ಬೀಳಬೇಕಷ್ಟೆ. ಸಂಜೆ ಬಂದು ನೋಡಿದರೆ ಅಗುಳು ಮಾಯ! ವಿಜಯೋತ್ಸಾಹದಿಂದ ಶಾರದೆಯನ್ನು ಕರೆದು ಸಾಕ್ಷ್ಯವನ್ನು ಮಂಡಿಸುತ್ತಿರುವಾಗಲೇ ಗೋಡೆಯ ಮೇಲೆ ಇರುವೆಗಳ ದಿಬ್ಬಣವೊಂದು ನನ್ನ ಸಾಕ್ಷ್ಯವನ್ನು ಹೊತ್ತುಕೊಂಡು ಜಂತಿಯ ಕಡೆ ಸಾಗುತ್ತಿರುವುದು ಇಬ್ಬರಿಗೂ ಕಂಡಿತು.

"ಇಡಗುಂಜಿ ಗಣಪತಿ ಆಣೆ, ನಾ ಆ ಸ್ವಿಚ್ಚು ಮುಟ್ಟಿದ್ರೆ ಕೇಳಿ," ಎಂದಳು ಶಾರದೆ. "ಮನುಷ್ಯ ಸಮುದ್ರದಲ್ಲಿರುವಾಗ ನಾ ನಾಲ್ಕಾಣೆ ಉಳಿಸುಕೆ ಹೋಗ್ತೆನಾ? ಅನ್ನ ಅಂಟಿಸ್ತರಂತೆ ಅನ್ನ! ನಾಳೆ ಸಾರು ಹೊಯ್ದು ನೋಡಿ, ಇನ್ನೂ ಲಾಯ್ಕ ಗೊತ್ತಾಗ್ತದೆ."

ಇಡಗುಂಜಿಯ ಆಣೆಯನ್ನು ಅನುಮಾನಿಸುವಷ್ಟು ನಾಸ್ತಿಕತೆ ನನಗಿನ್ನೂ ಬಂದಿರಲಿಲ್ಲವಾದ್ದರಿಂದ ಗುಮಾನಿಯನ್ನು ಭಟ್ಕಳದ ಕಡೆ ತಿರುಗಿಸಿದೆ. ಭಾನುವಾರ ಬ್ಯಾಟ್ರಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ವಯರನ್ನು ಗೋಡೆಯಲ್ಲೇ ಬಿಟ್ಟೆ. ನಮ್ಮ ಗೋಡೆಯ ಗಾರೆ ಎಷ್ಟು ಮುಪ್ಪಾಗಿತ್ತೆಂದರೆ ಪ್ಲಗ್ಗು ಎಳೆದರೆ ಪೆಟ್ಟಿಗೆಯೂ, ಪೆಟ್ಟಿಗೆಯ ಹಿಂದೆ ಮನೆಯೂ ಕೈಗೆ ಬಂದೀತೆಂದು ನನಗೆ ಭಯ. ಅಂಗಡಿಯ ಸಾಹೇಬರು ತಮ್ಮದೇ ವಯರನ್ನು ಸಿಕ್ಕಿಸಿದರು. ಕೆಂಪು ಬೊಟ್ಟು ಹೊತ್ತಿತು. ನಾನು ಗಂಟೆಗಟ್ಟಲೆ ಅದನ್ನೇ ದಿಟ್ಟಿಸುತ್ತ ಕುಳಿತೆ. ಅದು ಕಣ್ಣು ಮಿಟುಕಿಸಲಿಲ್ಲ.

"ಮಾಲು ಅಸಲಿ ಇದೆ, ಜನಾಬ್," ಎಂದರು ಸಾಹೇಬರು, ನನ್ನ ಕೈಗೊಂದು ಶರಬತ್ತಿನ ಲೋಟ ಕೊಡುತ್ತ. "ನಿಮ್ಮ ಹೊನ್ನಾವರದ ಕರೆಂಟೇ ನಕಲಿ ಇರಬೇಕು."

ಶರಬತ್ತು ಕೊಟ್ಟದ್ದರಿಂದ ನನ್ನ ಸಂಶಯ ಇಮ್ಮಡಿಸಿತು. ತಪ್ಪಿಲ್ಲದವನು ಉಪಚಾರ ಮಾಡುತ್ತಾನೆಯೇ? ಎರಡನೆಯ ಅಭಿಪ್ರಾಯಕ್ಕೆಂದು ಆಫೀಸಿಗೆ ರಜೆ ಹಾಕಿ ಕುಮಟೆಗೆ ಹೋದೆ. ಅಲ್ಲಿ ರೇಡಿಯೋ ರಿಪೇರಿಯವನೊಬ್ಬ, ಸುತ್ತ ಕರುಳು ಹೊರಬಂದ ಟ್ರಾನ್ಸಿಸ್ಟರುಗಳ ನಡುವೆ ಕುಳಿತು, ನನ್ನ ಬ್ಯಾಟ್ರಿಯನ್ನು ಬಿಚ್ಚಿ, ಮೂಸಿ, ಮುಚ್ಚಿ, ತನ್ನ ವಯರಿಗೆ ಸಿಕ್ಕಿಸಿದ. ಮನೆಯಲ್ಲಿ ಜ್ವರದಿಂದ ಬೇಯುವ ಮಗು ಡಾಕ್ಟರ ಎದುರು ನಗುತ್ತದಲ್ಲ, ಹಾಗೆ ಅದು ಮತ್ತೆ ಬೆಳಗಿತು.

"ಇದಕ್ಕೆ ಎಂತದೂ ಆಗ್ಲಿಲ್ರೀ," ಎಂದ ಅವನು. "ನೀವೇ ಸ್ವಲ್ಪ ಮಲಗಿ ಎದ್ದು ಬನ್ನಿ. ಮುಖ ಡೌನ್ ಆಗ್ಯದೆ."

ಅಂದಮೇಲೆ ಥಂಡಿಯೇ. ನಮ್ಮ ಊರಿನಲ್ಲಿ ಕೊನೆಗೆ ಎಲ್ಲವೂ ಥಂಡಿಗೆ ಬಂದು ನಿಲ್ಲುತ್ತದೆ. ಉಪ್ಪು ಕರಗಿದರೆ ಥಂಡಿ, ಬಾಗಿಲು ಮುಚ್ಚದಿದ್ದರೆ ಥಂಡಿ, ಸಂಬಂಧಿಕರು ಮುಖ ಊದಿಸಿಕೊಂಡರೂ ಅರ್ಧಪಾಲು ಥಂಡಿ. ಅದಕ್ಕೆ ಔಷಧ ಬೆಂಕಿ. ಮಳೆಗಾಲದಲ್ಲಿ ಒದ್ದೆ ಬಟ್ಟೆ ಒಣಗಿಸುವ ಅಗ್ಗಿಷ್ಟಿಗೆಗೆ ಕೆಂಡ ತುಂಬಿ, ಸ್ವಿಚ್ಚಿನ ಪೆಟ್ಟಿಗೆಯ ನೇರ ಕೆಳಗೆ ಸ್ಟೂಲಿನ ಮೇಲೆ ಪ್ರತಿಷ್ಠಾಪಿಸಿದೆ. ಆಫೀಸಿಗೆ ಹೊರಡುವ ಮುನ್ನ ಅದಕ್ಕೊಂದು ಬೀಸಣಿಗೆ ಸೇವೆ. ಬಾಣಂತಿಗೆ ಹಿಡಿಯುವ ಶಾಖವನ್ನು ಗೋಡೆಗೆ ಹಿಡಿಯುವ ಗಂಡನನ್ನು ಕಂಡು ಶಾರದೆ ಮಾತಾಡುವುದನ್ನೇ ಬಿಟ್ಟಳು, ಅದು ಶುಭಲಕ್ಷಣವಲ್ಲ.

ಇಲ್ಲಿ ನನ್ನ ತರ್ಕದ ಸೊಬಗನ್ನು ಸ್ವಲ್ಪ ಗಮನಿಸಬೇಕು. ಕೆಂಡವಿಟ್ಟ ದಿನ ಬ್ಯಾಟ್ರಿ ಸಪ್ಪೆಯಾಗುತ್ತಿತ್ತು; ಥಂಡಿ ಬಹಳ ಆಳಕ್ಕಿಳಿದಿದೆ, ಇನ್ನೂ ಕೆಂಡ ಬೇಕು ಎಂದುಕೊಂಡೆ. ಧಾರಾಕಾರ ಮಳೆ ಬಂದು ಸೌದೆಯೆಲ್ಲ ಒದ್ದೆಯಾಗಿ ಅಗ್ಗಿಷ್ಟಿಗೆ ಹೊತ್ತದ ದಿನ ಬ್ಯಾಟ್ರಿ ಸೂರ್ಯನಂತೆ ಬೆಳಗುತ್ತಿತ್ತು; ನಿನ್ನೆಯ ಕೆಂಡದ ಗುಣ ಇವತ್ತು ಕಂಡಿತು ಎಂದುಕೊಂಡೆ. ಸಿದ್ಧಾಂತವೊಂದು ಗಟ್ಟಿಯಾಗಿದ್ದರೆ ವಾಸ್ತವ ಅದಕ್ಕೆ ತಲೆಬಾಗಲೇಬೇಕಲ್ಲ.

ಅಷ್ಟರಲ್ಲಿ ಎರಡೂ ಮನೆಗಳ ನಡುವೆ ಗುಮಾನಿ ಹೊಳೆ ದಾಟಿತ್ತು. ಮಾವಿನಕುರ್ವೆಯಲ್ಲಿ ಯಾರೋ ಬ್ಯಾಟ್ರಿಯನ್ನು ಸುಮ್ಮನೆ ಉರಿಸುತ್ತಿರಬೇಕೆಂದು ನಾನು ಬಾಯಿ ತಪ್ಪಿ ಅಂದದ್ದು ಅಲ್ಲಿಗೆ ತಲುಪಿತು. ಅಣ್ಣನ ಮನೆಯಲ್ಲಿ ಕರೆಂಟಿಗೆ ಕೈ ಬಿಗಿಯೆಂದು ಅಲ್ಲಿ ಯಾರೋ ಅಂದದ್ದು ಇಲ್ಲಿಗೆ ತಲುಪಿತು. ಮಾದೇವಿ ಚಾ ಬೇಡವೆನ್ನತೊಡಗಿದಳು. ಅಂಗಳದಿಂದಲೇ ಬ್ಯಾಟ್ರಿ ಚಾಚಿ, ಅಂಗಳದಿಂದಲೇ ಇಸಿದುಕೊಂಡು ಹೋಗುವಳು. ಸಂಜೆಯಾದರೆ ನಾನು ಬಂದರದ ಕಡೆ ಕಾಲೆಳೆಯುತ್ತ ಹೋಗಿ, ಅಳಿವೆಯ ದಿಕ್ಕಿನಲ್ಲಿ ಒಂದು ಬೆಳಕು ಹೊತ್ತಿ ಆರದೆ ಒಳಗೆ ಬರುವುದನ್ನು ನೋಡಿದ ಮೇಲೆಯೇ ಮನೆಗೆ ಮರಳುತ್ತಿದ್ದೆ. ಈ ಸಂಗತಿಯನ್ನು ನಾನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಅದರಲ್ಲೂ ಯಾರಾದರೂ ಏನಾದರೂ ಹುಡುಕುತ್ತಿದ್ದರು.

ಚೌತಿ ಹತ್ತಿರವಿದ್ದ ಒಂದು ಚುರುಚುರು ಬಿಸಿಲಿನ ಮಧ್ಯಾಹ್ನ ಜಟ್ಟಪ್ಪನೇ ಬಂದ. ಹಿಂದೆ ಮಾದೇವಿ, ಖಾಲಿ ಬುಟ್ಟಿಯೊಂದಿಗೆ. ಊಟಕ್ಕೆಂದು ಮನೆಗೆ ಬಂದಿದ್ದ ನಾನು ಅಗ್ಗಿಷ್ಟಿಗೆಗೆ ಗಾಳಿ ಹಾಕುತ್ತಿದ್ದೆ. ಕೆಂಪು ಬೊಟ್ಟು ಆರಿತ್ತು.

"ಭಾವ, ಬೇಜಾರ ಮಾಡ್ಕಬ್ಯಾಡಿ," ಎಂದ ಅವನು, ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು. "ನಾಳೆಯಿಂದ ಬ್ಯಾಟ್ರಿ ಐಸ್ ಫ್ಯಾಕ್ಟ್ರಿಯಲ್ಲಿ ಇಡ್ತೆ. ನಿನ್ನೆ ಮತ್ತೆ ಕೈಕೊಡ್ತು. ದೋಣಿ ದಿಬ್ಬಕ್ಕೆ ಒರಸ್ಕಂಡೇ ಬಂತು. ನನ್ನ ಜೊತೆ ಇರುವವರದ್ದೂ ಜೀವವೇ ಅಲ್ವಾ."

ಮಾದೇವಿ ನನ್ನ ಮುಖ ನೋಡಲಿಲ್ಲ. ಒಳಗಿನಿಂದ ಶಾರದೆ ಬಂದು ಚಾ ಎಂದರೂ ಕೇಳಿಸದವಳಂತೆ ಬುಟ್ಟಿಯ ಅಂಚನ್ನು ನೋಡುತ್ತಿದ್ದಳು. ಐಸ್ ಫ್ಯಾಕ್ಟರಿ ಪೇಟೆಯ ಆಚೆ ತುದಿ. ಬ್ಯಾಟ್ರಿ ಅಲ್ಲಿಗೆ ಹೋದರೆ ತಂಗಿಯೂ ಅದೇ ದಾರಿಯಲ್ಲಿ ಹೋಗುತ್ತಾಳೆ, ಮತ್ತೆ ಚೌತಿಗೊಮ್ಮೆ ಪಂಚಕಜ್ಜಾಯ. ಈ ವರ್ಷ ಅದೂ ಅನುಮಾನ.

ಜಟ್ಟಪ್ಪ ಸ್ವಿಚ್ಚು ಆರಿಸಿ, ನಾನು ಇಷ್ಟು ದಿನ ಮುಟ್ಟಲು ಹೆದರಿದ್ದ ಪ್ಲಗ್ಗನ್ನು ಎಳೆದ. ಮನೆ ಬೀಳಲಿಲ್ಲ. ಪ್ಲಗ್ಗು ಎಣ್ಣೆ ಹಚ್ಚಿದಂತೆ ಸಲೀಸಾಗಿ ಜಾರಿ ಬಂತು. ಅದರ ಹಿಂದೆಯೇ ಪುಟ್ಟದೊಂದು ಬೆಂಕಿಕಡ್ಡಿಯ ಸೀಳು ರಂಧ್ರದಿಂದ ಉದುರಿ ಅಗ್ಗಿಷ್ಟಿಗೆಯ ಅಂಚಿಗೆ ಬಿತ್ತು. ಅದು ಕೆಂಡಕ್ಕೆ ಉರುಳುವ ಮೊದಲೇ ಅವನು ಹೆಕ್ಕಿ, ಬೆರಳ ತುದಿಯಲ್ಲಿ ಹಿಡಿದು, ಹೆಸರು ಮರೆತ ಮೀನನ್ನು ನೋಡುವಂತೆ ನೋಡಿದ. ನಿಧಾನವಾಗಿ ಚಪ್ಪಲಿ ಕಳಚಿದ.

"ಇದು ನಾ ಹಾಕಿದ್ದು," ಎಂದ.

ಬ್ಯಾಟ್ರಿ ಬಂದ ಮೊದಲ ದಿನ ಅದನ್ನು ನಮ್ಮಲ್ಲಿಗೆ ತಂದು ಸಿಕ್ಕಿಸಿದವನು ಅವನೇ. ದುಬೈ ಪ್ಲಗ್ಗಿನ ಕಾಲು ಸಪೂರ, ನಮ್ಮ ಗೋಡೆಯ ರಂಧ್ರ ಅಗಲ, ಲೊಡಬಡ ಅನ್ನುತ್ತಿತ್ತಂತೆ. ದೋಣಿಯವರ ಕೈ ಸುಮ್ಮನಿರುತ್ತದೆಯೇ? ಹಲಗೆಯ ಸಂದಿಗೆ ಚಕ್ಕೆ ಹೊಡೆದು ಬಿಗಿ ಮಾಡುವ ಅಭ್ಯಾಸದಲ್ಲಿ ಕಡ್ಡಿಯೊಂದನ್ನು ಸೀಳಿ ಪಕ್ಕಕ್ಕೆ ತುರುಕಿ, ಗಟ್ಟಿ ಕೂತಿತೆಂದು ಸಮಾಧಾನಪಟ್ಟು, ಅಲ್ಲಿಗೇ ಮರೆತುಬಿಟ್ಟಿದ್ದ. ದೋಣಿಗೆ ಹೊಡೆದ ಚಕ್ಕೆ ನೀರು ಕುಡಿದು ಉಬ್ಬಿ ಕಚ್ಚಿಕೊಳ್ಳುತ್ತದೆ. ದಂಡೆಗೆಳೆದು ಬಿಸಿಲಿಗೆ ಹಾಕಿದ ದೋಣಿಯೋ, ಬಿರಿದು ಸೋರುತ್ತದೆ. ದೋಣಿಯವನ ಮಗನಾದ ನಾನು ಈ ಬಾಲಪಾಠವನ್ನು ಮರೆತು, ಮಳೆಗೆ ಉಬ್ಬಿ ತನ್ನ ಪಾಡಿಗೆ ಪ್ಲಗ್ಗನ್ನು ಹಿಡಿದುಕೊಂಡಿದ್ದ ಕಡ್ಡಿಗೆ ದಿನಾ ಕೆಂಡದ ಶಾಖ ಕೊಟ್ಟು ಸೊರಗಿಸುತ್ತಿದ್ದೆ. ಬಿಸಿಲಿಗೋ ಕೆಂಡಕ್ಕೋ ಕಡ್ಡಿ ಸೊರಗಿದರೆ ಪ್ಲಗ್ಗು ಸಡಿಲ, ಕರೆಂಟು ಬಂದ್. ಮಳೆ ಜೋಡಿಸಿದ್ದನ್ನು ನಾನು ಶ್ರದ್ಧೆಯಿಂದ ಬಿಡಿಸುತ್ತಿದ್ದೆ.

ಮೊದಲು ನಕ್ಕವಳು ಮಾದೇವಿ. ಸೆರಗು ಬಾಯಿಗೊತ್ತಿ ನಕ್ಕಳು. ಸಾಲದೆ ಬುಟ್ಟಿ ಕೆಳಗಿಟ್ಟು ಕೂತು ನಕ್ಕಳು. "ಒಬ್ರು ಕಡ್ಡಿ ಹಾಕಿದ್ರು, ಒಬ್ರು ಬೆಂಕಿ ಹಾಕಿದ್ರು! ನಾ ಎಂತ ಪಾಪ ಮಾಡಿದ್ದೆನೋ, ದಂಡೆ ಮೇಲೆ ನಿಂತು ಸಾಯುಕೆ! ಅತ್ಗೆ, ಚಾ ಮಾಡ್ತ್ಯೋ ಇಲ್ವೋ?"

ಜಟ್ಟಪ್ಪ ಆ ಸೀಳನ್ನು ಬಾಯಿಗೆ ಹಾಕಿ ಒದ್ದೆ ಮಾಡಿ ಮತ್ತೆ ರಂಧ್ರದ ಕಡೆ ಬಾಗಿದಾಗ ನಾನು ಕಿರುಚಿಕೊಂಡ ರಭಸಕ್ಕೆ ಬೀಸಣಿಗೆ ಕೆಂಡದಲ್ಲಿ ಬಿತ್ತು. "ಸ್ವಿಚ್ಚು ಆರಿಸಿಟ್ಟಿದ್ದೆ ಭಾವ," ಎಂದ ಅವನು, "ನಿಮ್ಮ ಹೆದರಿಕೆಗೇ ಕರೆಂಟು ಹೊಡಿತದೆ." ಮರುದಿನವೇ ನಾನು ಪ್ಲಗ್ಗಿಗೆ ಸರಿಹೊಂದುವ ಹೊಸ ಪೆಟ್ಟಿಗೆ ಕೂರಿಸಿದೆ. ಬ್ಯಾಟ್ರಿ ನಮ್ಮಲ್ಲೇ ಉಳಿಯಿತು. ಐಸ್ ಫ್ಯಾಕ್ಟರಿಯ ಮಾತನ್ನು ಯಾರೂ ಎತ್ತಲಿಲ್ಲ.

ಈಗಲೂ ಮನೆಯಲ್ಲಿ ಏನಾದರೂ ನಿಂತರೆ ನನ್ನ ಮನಸ್ಸು ಹಳೆಯ ಚಾಳಿಯಂತೆ ಓಡುತ್ತದೆ: ಇಲಿ, ಹಲ್ಲಿ, ಉಪ್ಪುಗಾಳಿ, ಹೆಂಡತಿ, ಭಟ್ಕಳ. ಗುಮಾನಿಗೆ ದೂರದವರೂ ದೊಡ್ಡವರೂ ಬೇಕು. ಬೆರಳ ತುದಿಯಲ್ಲಿ ಕೂರುವಂಥದ್ದರ ಮೇಲೆ ಅದಕ್ಕೆ ಗೌರವವೇ ಇಲ್ಲ. ಆದರೆ ಆ ವರ್ಷ ವೋಲ್ಟೇಜು ಬಿದ್ದಿರಲಿಲ್ಲ, ವಯರು ತುಂಡಾಗಿರಲಿಲ್ಲ, ಯಾರೂ ಯಾರಿಗೂ ಮೋಸ ಮಾಡಿರಲಿಲ್ಲ. ಒಂದು ಬೆಂಕಿಕಡ್ಡಿ ಒಣಗಿತ್ತು, ಅಷ್ಟೆ.