ಎಡಕ್ಕೇ ಎಳೆಯುವ ಬೋಟು

ಬಸ್ಸಿಗಾದರೆ ಬ್ರೇಕ್ ಇದೆ, ಚಕ್ರ ಇದೆ, ಚಕ್ರದ ಕೆಳಗೆ ಗಟ್ಟಿ ನೆಲ ಇದೆ. ಈ ಸುಡುಗಾಡು ಬೋಟಿಗೆ ಏನಿದೆ? ಒಂದು ಎಂಜಿನ್, ಒಂದು ಸ್ಟೇರಿಂಗ್, ಅವೆರಡಕ್ಕೂ ಮಾತುಕತೆ ಇಲ್ಲ. ಬೋಟಿನ ಮೂತಿಯನ್ನು ಮತ್ತೊಮ್ಮೆ ಕಲ್ಲುಗೋಡೆಗೆ ಗುದ್ದಿಸಿ ನಿಂತಾಗ ಡ್ರೈವರಣ್ಣನ ತಲೆಯಲ್ಲಿ ಓಡುತ್ತಿದ್ದದ್ದು ಇದೇ. ಗೋಡೆಗೆ ನೇತುಹಾಕಿದ್ದ ಹಳೆಯ ಟೈರು ಕಿರ್ರೆಂದಿತು.

"ಅಣ್ಣಾ, ಇವತ್ತು ಗೋಡೆನೇ ಸ್ವಲ್ಪ ಮುಂದೆ ಬಂದಿರ್ಬೇಕು," ಎಂದಳು ಬುಟ್ಟಿ ಇಟ್ಟುಕೊಂಡು ಕೂತಿದ್ದ ಮೀನಿನವಳು. ಬೋಟಿನಲ್ಲಿದ್ದವರೆಲ್ಲ ನಕ್ಕರು. ಅವನ ಮೈಯೆಲ್ಲ ಉರಿದುಹೋಯಿತು.

ಅವನಿಗೆ ಡ್ರೈವರಣ್ಣ ಎಂಬ ಹೆಸರು ಬಂದದ್ದು ಈ ಬೋಟಿನಿಂದಲ್ಲ, ಬಸ್ಸಿನಿಂದ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಆಮೇಲೆ ಮನೆಯಲ್ಲಿ ಕೂತು, ಬಾಗಿಲು ಹಾಕುವ ಸದ್ದು, ಫ್ಯಾನು ತಿರುಗುವ ವೇಗ, ಪಕ್ಕದ ಮನೆಯವನು ಸ್ಕೂಟರ್ ನಿಲ್ಲಿಸುವ ರೀತಿ, ಎಲ್ಲದರಲ್ಲೂ ತಪ್ಪು ಹುಡುಕಿ ಹೆಂಡತಿಯ ಪ್ರಾಣ ತಿಂದ. ನದಿ ದಾಟಿಸುವ ಬೋಟಿಗೆ ಜನ ಬೇಕಂತೆ ಎಂಬ ಸುದ್ದಿಯನ್ನು ಅವಳೇ ತಂದಳು, ತಂದವಳೇ ದಬ್ಬಿದಳು. ಅವನು ಕಲಿತ, ಪರವಾನಗಿಯನ್ನೂ ಪಡೆದ. ತೆರೆದ ನೀರಿನಲ್ಲಿ ಮುಂದಕ್ಕೆ ಓಡಿಸುವುದರಲ್ಲಿ ಅವನಿಗೆ ಯಾರೂ ಸಾಟಿಯಿರಲಿಲ್ಲ. ತೊಂದರೆಯೆಲ್ಲ ಹಿಂದಕ್ಕೆ ಬರುವುದರಲ್ಲಿ.

ಜೆಟ್ಟಿ ಎಂದರೆ ಎರಡು ಕಲ್ಲುಗೋಡೆಗಳ ನಡುವಿನ ನೀರಿನ ಓಣಿ. ಮೂತಿ ಮುಂದಾಗಿ ಒಳಗೆ ಹೋಗಬೇಕು, ಜನ ಹತ್ತಿದ ಮೇಲೆ ರಿವರ್ಸಿನಲ್ಲೇ ಹೊರಗೆ ಬರಬೇಕು. ರಿವರ್ಸ್ ಗೇರು ಬಿದ್ದದ್ದೇ ತಡ, ನೀರಿನಡಿಯ ಫ್ಯಾನು ಬೋಟಿನ ಹಿಂಭಾಗವನ್ನು ಎಡಕ್ಕೆ ಎಳೆಯುತ್ತಿತ್ತು. ಅವನು ಸ್ಟೇರಿಂಗನ್ನು ಪೂರ್ತಿ ಬಲಕ್ಕೆ ಸುತ್ತಿ ಎಂಜಿನ್ ರೇಸ್ ಮಾಡುತ್ತಿದ್ದ. ಅದು ಇನ್ನೂ ಜೋರಾಗಿ ಎಡಕ್ಕೇ ಹೋಗುತ್ತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಹಾಗೆ. ಕೊನೆಗೆ ಹಿಂಭಾಗ ಎಡಗೋಡೆಗೆ, ಮೂತಿ ಬಲಗೋಡೆಗೆ ತಾಗಿ, ಬೋಟು ಓಣಿಗೆ ಅಡ್ಡಲಾಗಿ ಸಿಕ್ಕಿಕೊಳ್ಳುತ್ತಿತ್ತು. ಜನ ಗೋಡೆಗೆ ಕೈಕೊಟ್ಟು ದಬ್ಬಿ ಬಿಡಿಸಬೇಕು.

ಜೆಟ್ಟಿಯ ಸೂಪರ್‌ವೈಸರ್ ಮಾತಿಗೆ ಒರಟನಲ್ಲ, ಅದೇ ಇನ್ನೂ ಕಷ್ಟ. "ಸರ್, ಶನಿವಾರ ನಾನೇ ಬಂದು ನೋಡ್ತೀನಿ. ಗೋಡೆ ಮುಟ್ಟದೆ ಹೊರಗೆ ತೆಗೀರಿ, ಕೆಲಸ ನಿಮ್ದೇ. ಆಗ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ, ಟಿಕೆಟ್ ಕೌಂಟರಲ್ಲಿ ಒಂದು ಕುರ್ಚಿ ಖಾಲಿ ಇದೆ," ಎಂದ.

ಟಿಕೆಟ್ ಕೌಂಟರ್! ಸ್ಟೇರಿಂಗ್ ಹಿಡಿದ ಕೈಯಲ್ಲಿ ಟಿಕೆಟ್ ಹರಿಯುವುದೇ? ಅದಕ್ಕಿಂತ ಆ ಓಣಿಯಲ್ಲೇ ಮುಳುಗುವುದು ವಾಸಿ ಎನಿಸಿತು ಅವನಿಗೆ. ಅವನ ಕೈಯಿಂದ ಸ್ಟೇರಿಂಗ್ ಕಿತ್ತರೆ ಉಳಿಯುವುದು ಒಂದು ಸಿಡುಕು ಮೋರೆ ಮಾತ್ರ, ಅದು ಅವನಿಗೂ ಗೊತ್ತಿತ್ತು.

ಹೆಂಡತಿಗೆ ಬೀದಿಯಲ್ಲಿ ಕಂಡಕ್ಟರಮ್ಮ ಎಂದೇ ಹೆಸರು. ಅವನದೇ ಬಸ್ಸಿನ ಕಂಡಕ್ಟರ್ ಆಗಿದ್ದವಳು. ಟಿಕೆಟ್ ಕೊಡುತ್ತ, ಚಿಲ್ಲರೆಗೆ ಜಗಳವಾಡುತ್ತ, ಅದೇ ಬಸ್ಸಿನಲ್ಲಿ ಇಬ್ಬರಿಗೂ ಹೊಂದಿಕೆಯಾಗಿ ಮದುವೆಯಾದವರು. ಶುಕ್ರವಾರ ಅವಳು ಆಚೆ ದಡದ ತಂಗಿಯ ಮನೆಗೆ ಅವನ ಬೋಟಿನಲ್ಲೇ ಹೋದಳು. ಹಿಂದಿನ ಬೆಂಚಿನಲ್ಲಿ ನೀರಿನ ಕಡೆ ಮುಖಮಾಡಿ ಕೂತಿದ್ದಳು. ಬೋಟು ಎಂದಿನಂತೆ ಅಡ್ಡ ನಿಂತಿತು, ಜನ ಎಂದಿನಂತೆ ದಬ್ಬಿದರು. ಅವಳು ಬಗ್ಗಿ, ಬೋಟಿನ ಹಿಂದೆ ಸುತ್ತುತ್ತಿದ್ದ ನೀರನ್ನೇ ನೋಡುತ್ತಿದ್ದಳು.

ಸಂಜೆ ಅಡುಗೆಮನೆಯಲ್ಲಿ ಅವನು ಶುರುಮಾಡಿದ. "ಬೋಟೇ ಸರಿ ಇಲ್ಲ ಕಣೇ. ಫ್ಯಾನು ಸೊಟ್ಟ ಕೂರಿಸಿದಾರೆ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದಳು ಅವಳು, ತರಕಾರಿಯಿಂದ ತಲೆಯೆತ್ತದೆ. "ಅದು ಎಡಕ್ಕೆ ಎಳೆಯುತ್ತೆ ಅಂತ ಗೊತ್ತಲ್ಲ. ಹೊರಡೋಕೆ ಮೊದ್ಲೇ ಹಿಂಭಾಗನ ಬಲಗೋಡೆ ಹತ್ರ ಇಟ್ಕೊಳ್ಳಿ. ಅದು ಎಳೆದಾಗ ತಾನೇ ನೇರ ಆಗತ್ತೆ. ಎಂಜಿನ್ ರೇಸ್ ಮಾಡ್ಬೇಡಿ, ಒಂದು ಚೂರು ಕೊಟ್ಟು ತಕ್ಷಣ ಬಿಡಿ. ಬೋಟು ಹಿಂದೆ ಸರಿಯೋಕೆ ಶುರುವಾದ್ಮೇಲೇ ಸ್ಟೇರಿಂಗ್ ಮಾತು ಕೇಳೋದು. ಹಿಂದೆ ಕೂತು ನೋಡ್ದೆ ನಾನು."

"ನಂಗೆ ಹೇಳ್ಕೊಡ್ತೀಯಾ? ರಿವರ್ಸ್ ತೆಗೆಯೋದನ್ನ? ನಂಗೆ?" ಅವನ ದನಿ ಏರಿತು. "ಮೂವತ್ತು ವರ್ಷ! ಒಂದು ದಿನಾನೂ ಒಬ್ಬ ಕಂಡಕ್ಟರ್ ವಿಷಲ್ ಕೇಳಿ ಹಿಂದೆ ತೆಗೆದವನಲ್ಲ ನಾನು. ಒಂದು ನಾಯಿಗೂ ತಾಗಿಸಿಲ್ಲ!"

ಅವಳು ಚಾಕು ಕೆಳಗಿಟ್ಟಳು.

"ನಾನು ಕೆಲಸಕ್ಕೆ ಸೇರಿದ ಮೊದಲನೇ ವಾರ ಹಿಂದೆ ನಿಂತು ವಿಷಲ್ ಊದಿದ್ದೆ. ಜನರೆಲ್ಲರ ಮುಂದೆ, 'ನಾನೇನು ಕುರುಡನಾ' ಅಂತ ಕಿರುಚಿದ್ರಿ. ನೆನಪಿದ್ಯಾ?"

"ಅದಕ್ಕೇನೀಗ?"

"ಆಮೇಲೆ ಊದಲೇ ಇಲ್ಲ. ಆದ್ರೆ ನೀವು ರಿವರ್ಸ್ ಹಾಕಿದಾಗಲೆಲ್ಲ ಹಿಂದಿನ ಬಾಗಿಲಿಂದ ಇಳೀತಿದ್ದೆ. ಹಣ್ಣಿನ ಗಾಡಿ, ನಾಯಿ, ಮಕ್ಕಳು, ನಿದ್ದೆಗಣ್ಣಲ್ಲಿ ನಡೆಯೋರು, ಎಲ್ಲರನ್ನೂ ಕೈಯಾಡಿಸಿ ಓಡಿಸ್ತಿದ್ದೆ. ನಿಮ್ಮ ಕನ್ನಡಿಗೆ ಕಾಣದ ಕಡೆ ನಿಂತು. ನಿಲ್ಲಿಸಿದ ತಕ್ಷಣ ಇಳಿದು ಎಲ್ಲಿ ಹಾಳಾಗಿ ಹೋಗ್ತೀಯ ಅಂತ ಬೈತಿದ್ರಲ್ಲ, ಅಲ್ಲಿಗೇ ಹೋಗ್ತಿದ್ದದ್ದು. ಗೋಡೆಗೆ ಬಡಿಯದೆ ನಿಲ್ಲಿಸಿದ್ದು ನೀವೇ, ಇಲ್ಲ ಅನ್ನಲ್ಲ. ಯಾರ ಮೇಲೂ ಹತ್ತಿಸ್ಲಿಲ್ಲ ಅಂತೀರಲ್ಲ, ಅದು ಮಾತ್ರ ನಾನು."

ಡ್ರೈವರಣ್ಣ ಸುಳ್ಳು ಎನ್ನಬೇಕೆಂದುಕೊಂಡ. ಅವಳು ಸುಳ್ಳಾಡುವವಳಲ್ಲ. ಅವನಿಗೆ ಅವಮಾನವಾಯಿತು, ಅವಮಾನಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ. ಊಟ ಬೇಡ ಎಂದು ಎದ್ದುಹೋದ. ಮತ್ತೆ ಹಸಿವು ತಡೆಯಲಾರದೆ ಬಂದು ತಿಂದ.

ಶನಿವಾರ ಸೂಪರ್‌ವೈಸರ್ ಕಪ್ಪು ಕನ್ನಡಕ ಹಾಕಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದ. ಕಂಡಕ್ಟರಮ್ಮ ಯಾರೂ ಕರೆಯದೆ ಬಂದು ಹಿಂದಿನ ಬೆಂಚಿನಲ್ಲಿ ಕೂತಳು. ಗಂಡನನ್ನು ನೋಡಲಿಲ್ಲ. ಅವನೂ ನೋಡಲಿಲ್ಲ.

ಅವನು ಹಗ್ಗ ಬಿಚ್ಚುವ ಮೊದಲು ಬೋಟಿನ ಹಿಂಭಾಗವನ್ನು ಬಲಗೋಡೆಯ ಕಡೆಗೆ ಎಳೆದು ಇಟ್ಟ. ಹಾಗೆ ಮಾಡುವಾಗ ಹಲ್ಲು ಕಚ್ಚಿಕೊಂಡಿದ್ದ, ಕಹಿ ಔಷಧಿ ಕುಡಿಯುವವನ ಹಾಗೆ. ರಿವರ್ಸ್ ಹಾಕಿ ಒಂದು ಚೂರು ಕೊಟ್ಟು ಬಿಟ್ಟ. ಹಿಂಭಾಗ ಎಡಕ್ಕೆ ಸರಿಯಿತು, ಸರಿದು ಓಣಿಯ ನಡುವೆ ನೇರವಾಯಿತು. ಸ್ಟೇರಿಂಗ್ ತಿರುಗಿಸಲು ಕೈ ತುರಿಸುತ್ತಿತ್ತು. ತಡೆದುಕೊಂಡ. ಮತ್ತೊಂದು ಚೂರು. ಬೋಟು ಹಿಂದೆ ಸರಿಯತೊಡಗಿತು. ಆಗ ತಿರುಗಿಸಿದ, ಅದು ಮಾತು ಕೇಳಿತು! ಇಷ್ಟು ಸುಲಭದ್ದಕ್ಕೆ ವಾರವಿಡೀ ಮಾನ ಕಳೆದುಕೊಂಡೆನಲ್ಲ ಎಂದು ಅವನಿಗೆ ಮತ್ತೆ ಸಿಟ್ಟು ಬಂತು.

ಬೋಟಿನಲ್ಲಿ ಕನ್ನಡಿಯಿಲ್ಲ, ಕುತ್ತಿಗೆ ತಿರುಗಿಸಿ ಹಿಂದೆ ನೋಡಲೇಬೇಕು. ನೋಡಿದ. ಓಣಿಯ ಬಾಯಲ್ಲಿ ಗೋಡೆಯ ಮರೆಯಿಂದ ಒಂದು ಸಣ್ಣ ಹುಟ್ಟುದೋಣಿ ಅಡ್ಡ ಬರುತ್ತಿತ್ತು. ಅವನಿಗಿಂತ ಮೊದಲೇ ಕಂಡಕ್ಟರಮ್ಮ ಎದ್ದು ನಿಂತು, ಬಾಯಿಬಿಡದೆ, ಒಂದು ಕೈಯನ್ನು ಬೀಸಿ ಬೀಸಿ ಆ ದೋಣಿಯವನನ್ನು ಆಚೆ ಕಳಿಸುತ್ತಿದ್ದಳು. ಇನ್ನೊಂದು ಕೈಯಲ್ಲಿ ನೋಯುವ ಮಂಡಿ ಹಿಡಿದುಕೊಂಡಿದ್ದಳು. ಅಂದರೆ ಬಸ್ಸಿನ ಹಿಂದೆಯೂ, ಮಳೆಯಲ್ಲಿ, ಬಿಸಿಲಲ್ಲಿ, ಮಗು ಹೊಟ್ಟೆಯಲ್ಲಿದ್ದಾಗ ಕೂಡ, ಹೀಗೇ ನಿಂತಿದ್ದಳು. ಅವನು ಎಂಜಿನನ್ನು ನ್ಯೂಟ್ರಲ್ಲಿಗೆ ಹಾಕಿ ಕಾದ. ದೋಣಿ ಹೋಯಿತು. ಬೋಟು ಎರಡೂ ಗೋಡೆ ಮುಟ್ಟದೆ ಹೊರಗೆ ಬಂತು.

ಒಂದು ಸುತ್ತು ಹಾಕಿ ಮತ್ತೆ ಜೆಟ್ಟಿಗೆ ತಂದಾಗ ಸೂಪರ್‌ವೈಸರ್ ಚಪ್ಪಾಳೆ ತಟ್ಟಿದ. "ಅನುಭವ ಅಂದ್ರೆ ಇದು ಸರ್! ಯಾರ ಸಹಾಯಾನೂ ಇಲ್ದೆ ಎಷ್ಟು ಚೆನ್ನಾಗಿ ತೆಗೆದ್ರಿ!"

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಡ್ರೈವರಣ್ಣ ಹಿಂದಿನ ಬೆಂಚಿನ ಕಡೆ ತಿರುಗಿ ಹೆಂಡತಿಯನ್ನು ತೋರಿಸಿದ.

"ಇಲ್ಲ ಸರ್," ಎಂದ. "ಹೇಗೆ ತೆಗೀಬೇಕು ಅಂತ ಹೇಳಿದ್ದು ಇವಳು. ಹಿಂದೆ ನೋಡ್ಕೊಂಡಿದ್ದೂ ಇವಳೇ. ಬಸ್ಸಲ್ಲೂ ಅಷ್ಟೇ."

ಸೂಪರ್‌ವೈಸರ್ ಕನ್ನಡಕ ತೆಗೆದು ಇಬ್ಬರನ್ನೂ ನೋಡಿದ. "ಹಾಗಂದ್ರೆ ಹೇಗೆ ಸರ್? ಅವರು ದಿನಾ ಬರೋಕಾಗತ್ತಾ? ಸೋಮವಾರ ನೀವೊಬ್ರೇ ತೆಗೆದು ತೋರಿಸಿ, ಆಮೇಲೆ ನೋಡೋಣ," ಎಂದು ಹೊರಟುಹೋದ.

ಕಂಡಕ್ಟರಮ್ಮ ತಲೆ ಚಚ್ಚಿಕೊಂಡಳು. "ಕೈಗೆ ಬಂದ ತುತ್ತು! ಬಾಯಿ ಮುಚ್ಕೊಂಡಿರೋಕೆ ಏನಾಗಿತ್ತು ನಿಮ್ಗೆ?"

"ಇಷ್ಟು ವರ್ಷ ನೀನು ಮುಚ್ಕೊಂಡಿದ್ದು ಸಾಕಾಗ್ಲಿಲ್ವಾ?" ಎಂದು ಅವನೂ ರೇಗಿದ.

ಇನ್ನೂ ಏನೋ ಕೂಗಬೇಕೆಂದು ಅವನು ತಿರುಗಿ ನೋಡಿದರೆ, ಅವಳು ನೀರಿನ ಕಡೆ ಮುಖಮಾಡಿ ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.