ಬೈಕಿಗೆ ಹೊದಿಸಿದ ಕಂಬಳಿ

ಚಳ್ಳಕೆರೆಯ ಲಾಡ್ಜಿನ ಅಂಗಳದಲ್ಲಿ ಬೈಕು ನಿಲ್ಲಿಸಲು ಸೂರಿರಲಿಲ್ಲ. ಡಿಸೆಂಬರಿನ ಇಬ್ಬನಿಗೆ ತುಕ್ಕು ಹಿಡಿದೀತೆಂದು, ಬಂದ ದಿನವೇ ಕೊಂಡಿದ್ದ ಕರಿ ಕಂಬಳಿಯನ್ನು ಮೂರು ರಾತ್ರಿ ಅದಕ್ಕೆ ಹೊದಿಸಿದೆ. ಇವತ್ತು ಬೆಳಿಗ್ಗೆ ತೆಗೆದು ನೋಡಿದರೆ ಟ್ಯಾಂಕಿನ ಮೇಲೆಲ್ಲ ಅಂಟು, ಅಂಟಿನೊಳಗೆ ಉಣ್ಣೆಯ ಕೂದಲು. ಹ್ಯಾಂಡಲಿನ ಮೇಲೆ ತುಕ್ಕಿನ ಚುಕ್ಕೆ. ಮೈಯೆಲ್ಲ ಉರಿದುಹೋಯಿತು. ಆ ಕಂಬಳಿ ನೇಯ್ದು ಮಾರಿದ ಅಜ್ಜಿಯ ಮನೆಗೇ ಬೈಕು ಓಡಿಸಿದೆ.

ಅಜ್ಜಿ ಮನೆಯ ಮುಂದೆ ಎಳೆದು ಕಟ್ಟಿದ ಉಣ್ಣೆ ನೂಲಿಗೆ ಹುಣಸೆ ಬೀಜದ ಗಂಜಿ ಬಳಿಯುತ್ತಿದ್ದಳು. ಇಬ್ಬನಿಗೆ ನೆನೆದು ಬೈಕಿಗೆ ಅಂಟಿದ್ದು ಈ ಗಂಜಿಯೇ ಎಂದು ಆಗ ತಿಳಿಯಿತು. ತಿಳಿದ ಮೇಲೆ ಸಿಟ್ಟು ಇನ್ನೂ ಏರಿತು.

"ತಗೊಳ್ಳಿ ನಿಮ್ಮ ಕಂಬಳಿ. ನನ್ನ ಬೈಕು ಹಾಳಾಯ್ತು" ಎಂದು ಅದನ್ನು ಅವಳ ಮುಂದೆ ಎಸೆದೆ.

ಅಜ್ಜಿ ಗಂಜಿಗೈಯನ್ನು ಸೆರಗಿಗೆ ಒರೆಸಿಕೊಂಡು, ಕಂಬಳಿಯನ್ನೆತ್ತಿ ಕಣ್ಣಿಗೊತ್ತಿಕೊಂಡಳು. "ಇದರ ಮ್ಯಾಲೆ ದೇವರನ್ನ ಕೂರಿಸ್ತೀವಿ. ನೀನು ಗಾಡೀಗೆ ಹೊದಿಸಿದ್ಯಾ? ಮೈಯಾಗೆ ಬಿಸಿ ಇದ್ರೆ ಕಂಬಳಿ ಅದನ್ನ ಕಾಯ್ತೈತೆ. ಕಬ್ಬಿಣಕ್ಕೆ ಎಲ್ಲೈತಪ್ಪ ಚಳಿ?"

ಒಳಗಿನಿಂದ ಬಿಸಿನೀರನ್ನೂ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನೂ ತಂದು ಬೈಕಿನ ಪಕ್ಕದಲ್ಲಿ ಕುಕ್ಕಿದಳು. ಅಂಟು ನೀರಿಗೆ ಬಿಟ್ಟಿತು, ತುಕ್ಕು ಸೀಮೆಎಣ್ಣೆಗೆ. ನಾನು ಉಜ್ಜಿ ಮುಗಿಸುವಷ್ಟರಲ್ಲಿ ಅವಳು ಕಂಬಳಿಯನ್ನು ಮಡಚಿ ಒಳಗಿಟ್ಟಿದ್ದಳು. ನಾನೇ ಎಸೆದದ್ದನ್ನು ವಾಪಸು ಕೇಳುವುದು ಹೇಗೆಂದು ಹಾಗೇ ಬೈಕು ಹತ್ತಿ ಹೊರಟೆ.

ಇದನ್ನು ಮೊಳಕಾಲ್ಮೂರಿನ ಚಹಾದಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ದಾರಿಯುದ್ದಕ್ಕೂ ಚಳಿಗಾಳಿ ಎದೆಗೇ ಹೊಡೆಯಿತು. ಹೊರಗೆ ಬೈಕು ಫಳಫಳ ಹೊಳೆಯುತ್ತಿದೆ. ನನ್ನ ಹಲ್ಲುಗಳು ಇನ್ನೂ ಕಟಕಟ ಎನ್ನುತ್ತಿವೆ.